ದತ್ತಾಂಶದ ಶುದ್ಧಿರಕ್ಷಣೆ: ಒಂದು ಐತಿಹಾಸಿಕ ಅವಲೋಕನ

ಲಿಪಿಕಾರನ ಅನವಧಾನದಿಂದ ಮೂಲಪಾಠಕ್ಕೆ ಒದಗುವ ಹಾನಿ ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳವರಿಗೆ ಸುವಿದಿತ. ಗಣಕಯಂತ್ರದ ದತ್ತಕೋಶದಲ್ಲಿಯೂ, ಅಂದರೆ ಡೇಟಾಬೇಸಿನಲ್ಲಿಯೂ, ಇಂತಹುದೇ ಸಮಸ್ಯೆ ತಲೆದೋರಿತು. ಅದರ ಪರಿಹಾರವನ್ನು ಬರೆಯುವವನ ಎಚ್ಚರಕ್ಕೆ ಬಿಡದೆ ವ್ಯವಸ್ಥೆಯ ರಚನೆಯಲ್ಲಿಯೇ ಅಳವಡಿಸಿದ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೇ ಇದಕ್ಕೆ ಮುಖ್ಯ ಆಧಾರ. ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಭಾವಿಸಬೇಕೆಂದು ಅವರು ಪ್ರತಿಪಾದಿಸಿದರು. ಒಂದೇ ಸಂಗತಿಯನ್ನು ಹಲವೆಡೆ ಬರೆದಿಟ್ಟಲ್ಲಿ ಆ ಉಲ್ಲೇಖಗಳು ಒಂದನ್ನೊಂದು ವಿರೋಧಿಸುವ ಸಂಭವವನ್ನೂ ಅದರಲ್ಲಿ ವಿವೇಚಿಸಿದ್ದಾರೆ.

ಆದರೆ ಕೋಷ್ಟಕಗಳು ಶುದ್ಧವಾಗಿದ್ದರೆ ಸಾಲದು. ಒಂದು ಖಾತೆಯಿಂದ ಹಣವನ್ನು ಕಳೆದು ಮತ್ತೊಂದಕ್ಕೆ ಕೂಡಿಸುವ ನಡುವೆ ಯಂತ್ರ ನಿಂತುಹೋದರೆ ಆ ಹಣ ಎಲ್ಲಿಯೂ ಇಲ್ಲದಂತಾಗುತ್ತದೆ. ಆದಕಾರಣ ಇಂತಹ ಕ್ರಿಯೆಗಳ ಸಮೂಹವನ್ನು ಒಂದೇ 'ವ್ಯವಹಾರ'ವೆಂದು ಪರಿಗಣಿಸಬೇಕಾಯಿತು. ಅದೇ ಸಂಶೋಧನಾಲಯದ ಈಶ್ವರನ್, ಜಿಮ್ ಗ್ರೇ, ಲೋರಿ ಮತ್ತು ಟ್ರೈಗರ್ 1976ರಲ್ಲಿ ಏಕಕಾಲದ ವ್ಯವಹಾರಗಳು ಒಂದನ್ನೊಂದು ಕೆಡಿಸದಂತೆ ತಡೆಯುವ ಬೀಗದ ನಿಯಮಗಳನ್ನು ನಿರೂಪಿಸಿದರು. ಇಂತಹ ವ್ಯವಹಾರಕ್ಕೆ ಅಖಂಡತೆ, ಸುಸಂಗತಿ, ಪ್ರತ್ಯೇಕತೆ, ಸ್ಥಾಯಿತ್ವ ಎಂಬ ನಾಲ್ಕು ಲಕ್ಷಣಗಳನ್ನು ಥಿಯೋ ಹೇರ್ಡರ್ ಹಾಗೂ ಆಂಡ್ರಿಯಾಸ್ ರಾಯ್ಟರ್ 1983ರಲ್ಲಿ ಒಂದೇ ಸೂತ್ರದಡಿ ತಂದರು.

ಈ ಲಕ್ಷಣಗಳನ್ನು ಸಾಧಿಸುವ ಮುಖ್ಯ ಉಪಾಯ ಪೂರ್ವಲೇಖ. ದತ್ತಕೋಶದ ಸ್ಥಾಯಿ ಪ್ರತಿಯನ್ನು ತಿದ್ದುವ ಮೊದಲೇ ಆ ತಿದ್ದುಪಡಿಯ ವಿವರವನ್ನು ಪ್ರತ್ಯೇಕ ದಿನಚರಿಯಲ್ಲಿ ದಾಖಲಿಸಬೇಕು. ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ 'ಏರೀಸ್' ವಿಧಾನದಲ್ಲಿ, ಯಂತ್ರ ಮರಳಿ ಎಚ್ಚೆತ್ತಾಗ ದಿನಚರಿಯನ್ನು ಪರಿಶೀಲಿಸಿ, ನಡೆದುದನ್ನು ಮರುಕಳಿಸಿ, ಅಪೂರ್ಣವಾದುದನ್ನು ಹಿಂದೆಗೆಯುವ ಮೂರು ಹಂತಗಳಿವೆ.

ಇಲ್ಲಿ ಗ್ರೇ ಅವರು 1981ರಲ್ಲಿ ಎತ್ತಿದ ಆಕ್ಷೇಪ ಗಮನಾರ್ಹ. ಲೆಕ್ಕಿಗರು ಪುಸ್ತಕದಲ್ಲಿ ಬರೆದುದನ್ನು ಅಳಿಸುವುದಿಲ್ಲ. ತಪ್ಪನ್ನು ಗುರುತಿಸಿ ಸರಿದೂಗಿಸುವ ಹೊಸ ನಮೂದನ್ನು ಸೇರಿಸುತ್ತಾರೆ. ಹೀಗಿರಲಾಗಿ ಹಳೆಯ ಮೌಲ್ಯದ ಮೇಲೆಯೇ ಹೊಸದನ್ನು ಬರೆಯುವ ಗಣಕಪದ್ಧತಿ ಆ ಪರಂಪರೆಗೆ ವಿರುದ್ಧವೆಂದು ಅವರು ಅಭಿಪ್ರಾಯಪಟ್ಟರು. ಅಳಿಸಿ ಬರೆದ ಪ್ರತಿಯಲ್ಲಿ ಪೂರ್ವಪಾಠವನ್ನು ಅರಸುವ ಸಂಪಾದಕನಿಗೆ ಈ ಮಾತಿನ ತೂಕ ತಿಳಿಯದಿರದು.

ಇಷ್ಟಾದರೂ ಈ ರಕ್ಷಣೆಗೆ ಒಂದು ಮಿತಿಯುಂಟು. ನಿಯಮಗಳಿಗೆ ಒಪ್ಪುವ ಅಸತ್ಯವನ್ನು ವ್ಯವಸ್ಥೆ ಸತ್ಯದಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಗ್ರಂಥಸೂಚಿಯಲ್ಲಿ ಕರ್ತೃವಿನ ಹೆಸರು ತಪ್ಪಾಗಿ ಸೇರಿದರೆ ನಾಲ್ಕು ಲಕ್ಷಣಗಳೂ ಅದನ್ನು ತಿದ್ದಲಾರವು. ಸುಸಂಗತಿಯನ್ನು ಯಂತ್ರಕ್ಕೆ ಒಪ್ಪಿಸಬಹುದು. ಪ್ರಾಮಾಣ್ಯದ ನಿರ್ಣಯ ಮಾತ್ರ ವಿದ್ವಾಂಸರದೇ.