ಬಿಳಿಯಾದದ್ದೆಲ್ಲ ಸತ್ತದ್ದಲ್ಲ

2019ರ ಜನವರಿ 24ರಂದು ಅಡಿಲೇಡ್‌ನಲ್ಲಿ 46.6 ಡಿಗ್ರಿ ಬಿಸಿಲು. ಅಲ್ಲಿಯವರೆಗೆ ನಗರದಲ್ಲಿ ಅಂಥ ದಿನ ದಾಖಲಾಗಿರಲಿಲ್ಲ. ಬೆಡ್‌ಫರ್ಡ್ ಪಾರ್ಕ್‌ನ ನಮ್ಮ ಮನೆಯಲ್ಲಿ ಕಿಟಕಿ, ಪರದೆ ಎಲ್ಲ ಮುಚ್ಚಿ ಕೂತಿದ್ದೆವು. ಸಂಜೆ ನಡುಮನೆಯ ಇನ್ನೂರು ಲೀಟರಿನ ಉಪ್ಪುನೀರಿನ ತೊಟ್ಟಿಗೆ ಥರ್ಮಾಮೀಟರ್ ಇಳಿಸಿದರೆ 31 ಡಿಗ್ರಿ ದಾಟಿತ್ತು. ಅದರೊಳಗಿನ ಹವಳಗಳಿಗೆ ಬೇಕಾದದ್ದು 25, 26. ಎರಡು ದಿನ ಕಳೆಯುವುದರೊಳಗೆ ಕಂದು, ಹಸಿರು ಬಣ್ಣದಲ್ಲಿದ್ದ ಹವಳಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ಬೆಳಕು ಸಾಲದೆ ಬಣ್ಣ ಹೋಗಿರಬೇಕೆಂದು ನಾನು ದೀಪದ ಪ್ರಖರತೆಯನ್ನು ಹೆಚ್ಚಿಸಿದೆ. ಅದು ತಪ್ಪು ರೋಗನಿರ್ಣಯ. ಏಕೆ ತಪ್ಪು ಎಂದು ತಿಳಿಯಲು ಪುಸ್ತಕಗಳನ್ನು ತಿರುವುತ್ತ ಹೋದಾಗ, ಹವಳದ ಕಾಯಿಲೆ ಓದಲು ಮನುಷ್ಯ ಕಲಿತ ಸುಮಾರು ಮುನ್ನೂರು ವರ್ಷಗಳ ಕಥೆಯೇ ಎದುರಾಯಿತು.

ನಮಗೆ ಊರಿನಲ್ಲಿ ಹವಳವೆಂದರೆ ಅಜ್ಜಿಯ ಕೊರಳಿನ ಸರ, ಮಂಗಳ ಗ್ರಹದ ಉಂಗುರದ ಹರಳು, ಪಂಡಿತರ ಪ್ರವಾಳ ಭಸ್ಮ. ಅದಕ್ಕೆ ಕಾಯಿಲೆ ಬರಬಹುದೆಂದು ಯಾರಿಗೆ ಹೊಳೆಯಬೇಕು? ಯೂರೋಪಿನವರಿಗೂ ಹೊಳೆದಿರಲಿಲ್ಲ. ನಮ್ಮ ಸರಗಳಿಗೆ ಹವಳ ಬರುತ್ತಿದ್ದ ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲೇ ಇದ್ದ ಪೆಸೊನೆಲ್ ಎಂಬ ಫ್ರೆಂಚ್ ವೈದ್ಯ, 1720ರ ದಶಕದಲ್ಲಿ ಕೆಂಪು ಹವಳವನ್ನು ಸಮುದ್ರದ ನೀರಿನಲ್ಲೇ ಇಟ್ಟು ನೋಡಿದ. ಎಲ್ಲರೂ ಹೂವು ಎಂದುಕೊಂಡಿದ್ದವು ಹೂವಲ್ಲ, ಪುಟ್ಟ ಪ್ರಾಣಿಗಳು ಎಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಬರೆದ. ಅಲ್ಲಿನ ದೊಡ್ಡ ವಿದ್ವಾಂಸ ರೋಮ್ಯೂರ್ ಇದನ್ನು ನಂಬಲಿಲ್ಲ. ಪೆಸೊನೆಲ್‌ಗೆ ನಗೆಪಾಟಲಾಗದಿರಲೆಂದು ಅವನ ಹೆಸರನ್ನೇ ಹೇಳದೆ ವಿಷಯ ಮಂಡಿಸಿದ. ಅದು ಪ್ರಾಣಿಯೆಂದು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷ ಬೇಕಾದವು.

ನಮ್ಮ ಬಡಾವಣೆಯಲ್ಲಿ 1966ರಲ್ಲಿ ಶುರುವಾದ ವಿಶ್ವವಿದ್ಯಾಲಯಕ್ಕೆ ಮ್ಯಾಥ್ಯೂ ಫ್ಲಿಂಡರ್ಸ್‌ನ ಹೆಸರಿದೆ. ಅದರ ಗುಡ್ಡದಿಂದ ಕಾಣುವ ಕೊಲ್ಲಿಯ ನಕ್ಷೆ ಬರೆದವನು ಅವನೇ, 1802ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪೂರ್ವ ಕರಾವಳಿಯ ಮಹಾ ಹವಳದಿಬ್ಬದ ಮೇಲೆ ಇಳಿತದ ಹೊತ್ತು ಓಡಾಡಿ, ಗೋಧಿಯ ಸಿವುಡು, ಅಣಬೆ, ಸಾರಂಗದ ಕೊಂಬು, ಕೋಸಿನ ಎಲೆ ಇವುಗಳಿಗೆ ಹವಳಗಳನ್ನು ಹೋಲಿಸಿದ. ಹಳೆಯ ಜೀವಿಗಳ ಅಸ್ಥಿಯ ಮೇಲೆ ಹೊಸವು ಕಟ್ಟುತ್ತ ದಿಬ್ಬ ಮೇಲೇರುತ್ತದೆಂದು 1814ರ ತನ್ನ ಗ್ರಂಥದಲ್ಲಿ ಬರೆದ. ಇಲ್ಲಿ ಹವಳ ಪ್ರಾಣಿಯಷ್ಟೇ ಅಲ್ಲ, ಮನೆ ಕಟ್ಟುವ ಪ್ರಾಣಿ.

ಅದನ್ನು ಸಮುದ್ರದಿಂದ ದೂರ, ಮನೆಯೊಳಗೆ ಬದುಕಿಸಿಟ್ಟವಳು ಒಬ್ಬ ಗೃಹಿಣಿ. ಲಂಡನ್ನಿನ ಆನಾ ಥಿನ್, 1846ರಲ್ಲಿ ಟಾರ್ಕಿ ಕಡಲತೀರದಿಂದ ಕಲ್ಲುಹವಳಗಳನ್ನು ಜಾಡಿಯಲ್ಲಿ ಮನೆಗೆ ತಂದಳು. ನೀರಿಗೆ ಗಾಳಿ ಸಾಲದಿದ್ದರೆ ಅವು ಸಾಯುತ್ತವೆಂದು ಕಂಡುಕೊಂಡು, ತೆರೆದ ಕಿಟಕಿಯ ಮುಂದೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಸುತ್ತಿದ್ದಳು. ಸುರಿಯುವ ಕೆಲಸ ಮನೆಯ ಆಳು ಹೆಂಗಸಿನದು. ನಮ್ಮಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದಂತೆ, ದಿನವೂ ಅರ್ಧ ಮುಕ್ಕಾಲು ಗಂಟೆ. ಇಂದು ನನ್ನ ತೊಟ್ಟಿಯಲ್ಲಿ ಗುರ್ರೆನ್ನುವ ಪಂಪು ಮಾಡುವುದೂ ಅದೇ ಕೆಲಸ. ಹವಳ ಬಾಡಿದರೆ ಮೊದಲು ಹವಳವನ್ನಲ್ಲ, ನೀರನ್ನು ನೋಡಬೇಕು ಎಂಬ ಪಾಠ ಅವಳದು.

ಬಣ್ಣದ ಗುಟ್ಟು ಆಮೇಲೆ ತಿಳಿಯಿತು. ಇಂಥ ಪ್ರಾಣಿಗಳ ಮೈಯೊಳಗೆ ಕಾಣುವ ಹಳದಿ ಕಣಗಳು ಬೇರೆಯೇ ಜೀವಿಗಳು, ಒಂದು ಬಗೆಯ ಪಾಚಿ ಎಂದು ಗುರುತಿಸಿದ ಜರ್ಮನಿಯ ಕಾರ್ಲ್ ಬ್ರಾಂಟ್, 1881ರಲ್ಲಿ ಅವಕ್ಕೆ ಝೂಕ್ಸಾಂಥೆಲ್ಲಾ ಎಂದು ಹೆಸರಿಟ್ಟ. 1928ರಲ್ಲಿ ಮಾರಿಸ್ ಯಂಗ್ ನೇತೃತ್ವದ ಬ್ರಿಟಿಷ್ ತಂಡ ಕ್ವೀನ್ಸ್‌ಲ್ಯಾಂಡಿನ ಲೋ ಐಲ್ಸ್ ದ್ವೀಪಗಳಲ್ಲಿ ಒಂದು ವರ್ಷ ಬಿಡಾರ ಹೂಡಿತು. ಯಂಗ್ ಮತ್ತು ನಿಕೋಲ್ಸ್ ಹವಳಗಳನ್ನು ಕತ್ತಲಲ್ಲಿಟ್ಟರು, ಉಪವಾಸ ಕೆಡವಿದರು, ನೀರು ಬಿಸಿ ಮಾಡಿದರು. ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ಅದರ ಚರ್ಮ ಗಾಜಿನಂತೆ ಪಾರದರ್ಶಕವಾಗುತ್ತದೆ, ಒಳಗಿನ ಸುಣ್ಣದ ಎಲುಬು ಕಾಣಿಸುತ್ತದೆ, ಅಷ್ಟೆ.

ಕಣ್ಣಾರೆ ಕಂಡದ್ದನ್ನು ಸರಿಯಾಗಿ ಬರೆದ ಯಂಗ್ ಕೂಡ ಅರ್ಥ ಮಾಡುವಲ್ಲಿ ಎಡವಿದ. ಹವಳ ಮಾಂಸಾಹಾರಿ, ಪಾಚಿಯಿಂದ ಅದಕ್ಕೆ ಊಟವಿಲ್ಲ ಎಂದು ವಾದಿಸಿದ. 1958ರಲ್ಲಿ ಮಸ್ಕಟೀನ್ ಮತ್ತು ಹ್ಯಾಂಡ್, ಹವಳದ ದಾಯಾದಿಯಾದ ಸೀ ಅನಿಮೋನಿಗೆ ವಿಕಿರಣಶೀಲ ಇಂಗಾಲ ಕೊಟ್ಟು, ಪಾಚಿ ತಯಾರಿಸಿದ ಆಹಾರ ಪ್ರಾಣಿಯ ಮೈಗೆ ಸೇರುವುದನ್ನು ತೋರಿಸಿದರು. ಹಾಗಾಗಿ ಬಿಳಿಚಿದ ಹವಳ ಸತ್ತದ್ದಲ್ಲ, ಅಡುಗೆಯವರನ್ನು ಕಳೆದುಕೊಂಡು ಹಸಿದದ್ದು.

ನನ್ನ ತಪ್ಪಿನ ಕಾರಣವೂ ಇಲ್ಲಿಯೇ ಇತ್ತು. ನೀರು ಕಾದಾಗ ಪಾಚಿಯ ಬೆಳಕು ಹಿಡಿಯುವ ವ್ಯವಸ್ಥೆ ಹದಗೆಟ್ಟು, ಹವಳಕ್ಕೆ ವಿಷವಾಗುವ ಬಗೆಯ ಆಮ್ಲಜನಕ ಹುಟ್ಟುತ್ತದೆ. ಬೆಳಕು ಹೆಚ್ಚಾದಷ್ಟೂ ಆ ಹಾನಿ ಹೆಚ್ಚು. ಕಂಗೆಟ್ಟ ಹವಳ ಪಾಚಿಯನ್ನು ಹೊರದೂಡುತ್ತದೆ. ಬಿಸಿಯಿಂದ ಬಿಳಿಚಿದ್ದಕ್ಕೆ ನೆರಳು ಬೇಕಿತ್ತು, ನಾನು ಬಿಸಿಲು ಕೊಟ್ಟಿದ್ದೆ. ವಾರದಲ್ಲಿ ಕವಲೊಡೆದ ಅಕ್ರೋಪೋರಾದ ತುದಿಗಳಿಂದ ಚರ್ಮವೇ ಸುಲಿದು ಬಂತು. ಇದು ಎರಡನೆಯ ಬಿಳುಪು. ಸುಲಿದ ಕಡೆ ಎಲುಬು ಬರಿದು, ಕೆಲವೇ ದಿನದಲ್ಲಿ ಅದರ ಮೇಲೆ ಹಸಿರು ಪಾಚಿ ಕೂರುತ್ತದೆ. ಅಲ್ಲಿಗೆ ಜೀವ ಮತ್ತೆ ಬರುವುದಿಲ್ಲ.

ಅಂದಿನಿಂದ ಹವಳ ಬಿಳುಪಾದರೆ ನಾನು ಮೊದಲು ರಾತ್ರಿ ಟಾರ್ಚ್ ಹಿಡಿದು ನೋಡುತ್ತೇನೆ. ಪುಟ್ಟ ಬಾಯಿಗಳ ಸುತ್ತ ಎಳೆಗಳು ಹೊರಚಾಚಿವೆಯೇ? ಚಾಚಿದ್ದರೆ ಜೀವವಿದೆ. ಮೇಲ್ಭಾಗ ಮಾತ್ರ ಬಿಳಿಯಾಗಿದ್ದರೆ ಬೆಳಕಿನ ಮೇಲೆ ಅನುಮಾನ. ಇಡೀ ತೊಟ್ಟಿ ಬಿಳಿಚಿದರೆ ಶಾಖದ ಮೇಲೆ. ಬುಡದಿಂದ ಸುಲಿಯುತ್ತ ಬಂದರೆ ನೀರಿನ ಕ್ಷಾರ ಏರಿಳಿದಿದೆಯೇ ಎಂದು ಪರೀಕ್ಷೆ. ಒಂದೇ ಹವಳದಲ್ಲಿ ಕಚ್ಚಿದ ಗುರುತಿದ್ದರೆ ಚಪ್ಪಟೆ ಹುಳುವಿಗಾಗಿ ಹುಡುಕಾಟ. ಬಿಳಿಚುವ ಬದಲು ಕಂದುಗಟ್ಟಿದರೆ ಬೆಳಕು ಕಡಿಮೆ ಇರಬಹುದು, ಇಲ್ಲವೇ ನೀರಿನಲ್ಲಿ ಪೋಷಕಾಂಶ ಹೆಚ್ಚಿರಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಔಷಧ ಒಟ್ಟಿಗೆ ಕೊಟ್ಟರೆ ಯಾವುದು ವಾಸಿ ಮಾಡಿತು, ಯಾವುದು ಕೊಂದಿತು ಎಂದು ತಿಳಿಯುವುದಿಲ್ಲ.

ಕಣ್ಣಂದಾಜಿಗೂ ಒಂದು ಅಳತೆ ಬಂದಿದೆ. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ಕೋರಲ್‌ವಾಚ್ ಒಂದು ಬಣ್ಣದ ಪಟ್ಟಿ ತಯಾರಿಸಿತು. ಹವಳದ ಪಕ್ಕ ಹಿಡಿದು ಅದರ ಅತಿ ತಿಳಿಯಾದ ಮತ್ತು ಅತಿ ಗಾಢವಾದ ಜಾಗಗಳಿಗೆ 1ರಿಂದ 6ರವರೆಗೆ ಅಂಕ ಕೊಡುವುದು. ಶಾಲೆಯ ಮಕ್ಕಳೂ ಮಾಡಬಲ್ಲರು. ಮನೆಯಲ್ಲಿ ಬಳಸುವಾಗ ತೊಟ್ಟಿಯ ನೀಲಿ ದೀಪ ಆರಿಸಿ ಬಿಳಿ ಬೆಳಕಿನಲ್ಲಿ ನೋಡಬೇಕು, ಇಲ್ಲದಿದ್ದರೆ ಕಾಯಿಲೆಯೂ ಸುಂದರವಾಗಿಯೇ ಕಾಣುತ್ತದೆ.

ಆ ಪಟ್ಟಿಯ ಅಗತ್ಯ ನನ್ನ ತೊಟ್ಟಿಗಿಂತ ಸಮುದ್ರಕ್ಕೆ ಹೆಚ್ಚು. 1998ರಿಂದ 2024ರೊಳಗೆ ಮಹಾ ಹವಳದಿಬ್ಬ ಏಳು ಸಲ ಸಾಮೂಹಿಕವಾಗಿ ಬಿಳಿಚಿಕೊಂಡಿತು. 2011ರ ಕಡಲ ಬಿಸಿಗೆ ಪರ್ತ್‌ನ ಉತ್ತರಕ್ಕಿರುವ ಅಬ್ರೊಲ್ಹೋಸ್ ದ್ವೀಪಗಳ ಹವಳಗಳೂ ಬೆಳ್ಳಗಾದವು. ನಮ್ಮ ಕಡೆಯ ಸಮುದ್ರವೂ ಉಳಿದಿಲ್ಲ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನಿ, ಕಡಮತ್ ಮೊದಲಾದ ದ್ವೀಪಗಳಿರುವ ಲಕ್ಷದ್ವೀಪದಲ್ಲಿ 1998ರಲ್ಲೇ ಹವಳ ಬಿಳಿಚಿತ್ತು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ಸುತ್ತಲೂ ಹವಳಗಳಿವೆ. ಊರಿನ ಓದುಗರಿಗೆ ಒಂದು ಮಾತು: ಭಾರತದಲ್ಲಿ ಕಲ್ಲುಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಕಿತ್ತು ತರುವುದು ಅಪರಾಧ. ಅಲ್ಲಿ ಮುಳುಗಿ ನೋಡಿ, ಬಣ್ಣ ಬರೆದಿಟ್ಟುಕೊಂಡು ಬನ್ನಿ.

ನಾನು ದೀಪ ತಗ್ಗಿಸಿದೆ. ನೀರಿನ ಮೇಲೆ ಫ್ಯಾನ್ ಹಾಯಿಸಿದೆ, ಆವಿಯಾದಷ್ಟು ಸಿಹಿನೀರು ಸೇರಿಸಿ ಉಪ್ಪಿನ ಹದ ಕಾದೆ. ಅಕ್ರೋಪೋರಾ ಉಳಿಯಲಿಲ್ಲ. ಅದರ ಪಕ್ಕದ ಮೊಂಟಿಪೋರಾ ಎರಡು ತಿಂಗಳು ಹಾಳೆಯಂತೆ ಬೆಳ್ಳಗೇ ಇತ್ತು. ಮನೆಯವರು ಅದನ್ನು ತೆಗೆದುಹಾಕು ಎಂದರು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಅದರ ನೆರಳಿನ ಬದಿಯಲ್ಲಿ ತೆಳ್ಳಗೆ ಕಂದು ಛಾಯೆ ಕಂಡಿತು. ಪಟ್ಟಿ ಹಿಡಿದು ನೋಡಿದೆ. ಒಂದು ಇದ್ದದ್ದು ಎರಡಾಗಿತ್ತು.