ಕೋಬಾಲ್ಟಿಗೂ ಎಡ-ಬಲವುಂಟು

ನಮ್ಮ ಮನೆಯಲ್ಲಿ ಗುರುವಾರ ಸಂಜೆ ತಾಮ್ರ, ಹಿತ್ತಾಳೆ ಸಾಮಾನು ತೊಳೆಯುವ ಹೊತ್ತು. ಅಮ್ಮ ಹಿತ್ತಿಲ ಕಲ್ಲಿನ ಪಕ್ಕ ಕೂತು, ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಹಿಪ್ಪೆಗೆ ಉಪ್ಪು ಬೆರೆಸಿ ಚೊಂಬು ತಿಕ್ಕುತ್ತಿದ್ದಳು. ಕಪ್ಪಿಟ್ಟ ತಾಮ್ರ ನೋಡನೋಡುತ್ತಲೇ ಕೆಂಪಗೆ ಹೊಳೆಯುತ್ತಿತ್ತು. ಚಿಂತಾಮಣಿಯಲ್ಲಿ ಹುಣಸೆಗೆ ಬರವಿಲ್ಲ. ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಹುಣಸೆಯ ರಾಶಿ ಬೀಳುತ್ತದೆ, ಬೀದಿಗೆಲ್ಲ ಅದರ ಹುಳಿ ವಾಸನೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಾರಿನಲ್ಲಿ ಹುಣಸೆ. ಹೀಗೆ ಬೆಳೆದವನು ನಾನು.

ಆ ಚೊಂಬಿನ ಮೇಲೆ ನಡೆಯುತ್ತಿದ್ದುದು ಲೋಹ ಸಂಕೀರ್ಣಗಳ ರಸಾಯನಶಾಸ್ತ್ರ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಹುಣಸೆಯ ತಿರುಳಿನಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನು ಕರಗಿಸಿ, ತಾಮ್ರದ ಅಯಾನುಗಳನ್ನು ಹಿಡಿದುಕೊಂಡು ನೀರಿಗೆ ಇಳಿಸುತ್ತದೆ. ಹಾಗೆ ಹಿಡಿಯುವ ಅಣುವಿಗೆ ಒಂದು ವಿಶೇಷವಿದೆ. ಅದು ಕನ್ನಡಿಯಲ್ಲಿ ಕಾಣುವ ತನ್ನದೇ ಬಿಂಬದ ಮೇಲೆ ಸರಿಯಾಗಿ ಕೂರುವುದಿಲ್ಲ, ನಮ್ಮ ಎಡಗೈ ಬಲಗೈಯ ಮೇಲೆ ಕೂರದ ಹಾಗೆ. ಈ ಗುಣಕ್ಕೆ ಕೈ ಎಂಬರ್ಥದ ಗ್ರೀಕ್ ಪದದಿಂದ 'ಕೈರಾಲಿಟಿ' ಎಂದು ಹೆಸರಿಟ್ಟವರು ಲಾರ್ಡ್ ಕೆಲ್ವಿನ್, 1893ರ ಒಂದು ಉಪನ್ಯಾಸದಲ್ಲಿ. ಇಲ್ಲಿ ಅದನ್ನು ಎಡಬಲತನ ಎಂದು ಕರೆಯುತ್ತೇನೆ.

ಎಡಬಲತನದ ಜೊತೆ ನನ್ನ ಮೊದಲ ಭೇಟಿ ಸೋಲಿನದು. 1990ರ ದಶಕ, ಎಂ.ಎಸ್ಸಿ. ಪ್ರಯೋಗಾಲಯ. ಕೊಟ್ಟ ಕೆಲಸವಿಷ್ಟು: ಕೋಬಾಲ್ಟ್ ಲವಣಕ್ಕೆ ಎಥಿಲೀನ್ ಡೈಅಮೀನ್ ಸೇರಿಸಿ, ಗಂಟೆಗಟ್ಟಲೆ ಗಾಳಿ ಹಾಯಿಸಿ, ಕಿತ್ತಳೆ ಬಣ್ಣದ ಸಂಕೀರ್ಣ ಮಾಡಬೇಕು. ಅದರಲ್ಲಿ ಎಡ ಮತ್ತು ಬಲ ಅಣುಗಳು ಸಮಸಮ ಬೆರೆತಿರುತ್ತವೆ. ಟಾರ್ಟಾರಿಕ್ ಆಮ್ಲದ ಲವಣ ಹಾಕಿದರೆ ಒಂದು ಬಗೆ ಮೊದಲು ಹರಳಾಗಿ ಇಳಿಯುತ್ತದೆ. ಅದನ್ನು ಸೋಸಿ ತೆಗೆದು, ಪೋಲಾರಿಮೀಟರಿನಲ್ಲಿ ಅದು ಬೆಳಕಿನ ಕಂಪನದ ತಲವನ್ನು ಎಷ್ಟು ತಿರುಗಿಸುತ್ತದೆಂದು ಅಳೆಯಬೇಕು. ನನ್ನದು ತಿರುಗಲೇ ಇಲ್ಲ. ಮತ್ತೆ ಮಾಡಿದೆ. ಮತ್ತೂ ಸೊನ್ನೆ. ಒಂದು ವಾರ ಹೋಯಿತು. ಕೊನೆಗೆ ಸೀಸೆಯ ಚೀಟಿಯನ್ನು ಸರಿಯಾಗಿ ಓದಿದಾಗ ಗೊತ್ತಾಯಿತು: ನಾನು ಬಳಸಿದ್ದು 'ಡಿಎಲ್' ಟಾರ್ಟಾರಿಕ್ ಆಮ್ಲ, ಅಂದರೆ ಎಡ ಬಲ ಎರಡೂ ಸಮವಾಗಿ ಬೆರೆತದ್ದು. ಆಮ್ಲ ಆಮ್ಲವೇ ಅಲ್ಲವೇ ಎಂದುಕೊಂಡಿದ್ದೆ. ಅಲ್ಲ. ಆ ತಪ್ಪು ಯಾಕೆ ತಪ್ಪು ಎಂದು ತಿಳಿಯಲು ಹೋಗಿಯೇ ಈ ವಿಷಯದ ಚರಿತ್ರೆಗೆ ಬಿದ್ದೆ.

ಕಥೆ ಶುರುವಾಗುವುದೂ ಟಾರ್ಟಾರಿಕ್ ಆಮ್ಲದಿಂದಲೇ. ದ್ರಾಕ್ಷಿ ಮದ್ಯದ ಪೀಪಾಯಿಗಳ ಒಳಗೋಡೆಗೆ ಅಂಟುವ ಕರಟದಿಂದ ಅದನ್ನು ತೆಗೆಯುತ್ತಿದ್ದರು. ನಮ್ಮ ಚಿಕ್ಕಬಳ್ಳಾಪುರದ ದ್ರಾಕ್ಷಿಯಲ್ಲೂ ಹುಣಸೆಯಲ್ಲೂ ಇರುವುದು ಅದೇ ಆಮ್ಲ, ಬೆಳಕನ್ನು ಬಲಕ್ಕೆ ತಿರುಗಿಸುವಂಥದ್ದು. ಆದರೆ ಕೆಲವು ಕಾರ್ಖಾನೆಗಳಲ್ಲಿ ದೊರೆತ ಇನ್ನೊಂದು ಆಮ್ಲ ಎಲ್ಲದರಲ್ಲೂ ಅದರಂತೆಯೇ ಇದ್ದರೂ ಬೆಳಕನ್ನು ತಿರುಗಿಸುತ್ತಿರಲಿಲ್ಲ. 1848ರಲ್ಲಿ 25 ವರ್ಷದ ಲೂಯಿ ಪಾಶ್ಚರ್ ಆ ಎರಡನೆಯದರ ಸೋಡಿಯಂ ಅಮೋನಿಯಂ ಲವಣದ ಹರಳುಗಳನ್ನು ಭೂತಗನ್ನಡಿಯಲ್ಲಿ ನೋಡಿದ. ಹರಳುಗಳಲ್ಲಿ ಎರಡು ಜಾತಿ, ಒಂದು ಇನ್ನೊಂದರ ಕನ್ನಡಿ ಬಿಂಬ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಚಿಮಟದಲ್ಲಿ ಒಂದೊಂದೇ ಹೆಕ್ಕಿ ಎರಡು ಗುಡ್ಡೆ ಮಾಡಿದ. ಒಂದು ಗುಡ್ಡೆ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ. ನನ್ನ ಸೀಸೆಯಲ್ಲಿದ್ದುದು ಆ ಎರಡು ಗುಡ್ಡೆಗಳ ಬೆರಕೆ.

1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಇದಕ್ಕೆ ಕಾರಣ ಕೊಟ್ಟರು. ಇಂಗಾಲದ ಪರಮಾಣು ನಾಲ್ಕು ಮೂಲೆಗಳಿಗೆ ಕೈಚಾಚುತ್ತದೆ, ನಾಲ್ಕರಲ್ಲೂ ಬೇರೆ ಬೇರೆ ಗುಂಪುಗಳಿದ್ದರೆ ಎಡ-ಬಲ ಹುಟ್ಟುತ್ತದೆ ಎಂದು. ವಿವರಣೆ ಎಷ್ಟು ಚೆನ್ನಾಗಿತ್ತೆಂದರೆ ಎಡಬಲತನ ಇಂಗಾಲದ, ಅದರ ಮೂಲಕ ಜೀವದ, ಸ್ವಂತ ಆಸ್ತಿ ಎಂಬ ನಂಬಿಕೆ ಬೇರೂರಿತು. ಮುಂದೆ ಸಾರಜನಕ, ಗಂಧಕಗಳ ಸುತ್ತಲೂ ಅದು ಕಂಡಿತು. ಆದರೆ ಆ ಅಣುಗಳಲ್ಲೂ ಎಲ್ಲೋ ಒಂದು ಕಡೆ ಇಂಗಾಲ ಇದ್ದೇ ಇತ್ತು.

ಆ ಆಸ್ತಿಯ ದಾವೆ ಹೂಡಿದವನು ಆಲ್ಫ್ರೆಡ್ ವೆರ್ನರ್, ಅಲ್ಸಾಸ್ ಪ್ರಾಂತದ ಮುಲ್ಹೌಸ್‌ನಲ್ಲಿ 1866ರಲ್ಲಿ ಹುಟ್ಟಿದವನು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಹೊಳೆದದ್ದನ್ನು ಮರುದಿನ ಸಂಜೆಯವರೆಗೂ ಬರೆದನೆಂದು ಹೇಳುತ್ತಾರೆ. ಆ ಲೇಖನ ಬಂದದ್ದು 1893ರಲ್ಲಿ, ಕೆಲ್ವಿನ್ ಎಡಬಲತನಕ್ಕೆ ಹೆಸರಿಟ್ಟ ವರ್ಷದಲ್ಲೇ. ಅವನು ಹೇಳಿದ್ದು ಇಷ್ಟು: ಕೋಬಾಲ್ಟಿನಂಥ ಲೋಹ ತನ್ನ ಸುತ್ತ ಆರು ಗುಂಪುಗಳನ್ನು ಹಿಡಿದಿಡುತ್ತದೆ, ಒಂದು ಮೇಲೆ, ಒಂದು ಕೆಳಗೆ, ನಾಲ್ಕು ಸುತ್ತಲೂ. ಆ ಕಾಲದ ದೊಡ್ಡ ಹೆಸರಾದ ಕೋಪನ್‌ಹೇಗನ್ನಿನ ಸೋಫಸ್ ಯೋರ್ಗೆನ್‌ಸನ್ ಮಾತ್ರ ಅಮೋನಿಯಾ ಅಣುಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ ಎನ್ನುತ್ತಿದ್ದ. ವೆರ್ನರ್ ತನ್ನ ವಾದಕ್ಕೆ ಬಳಸಿದ ಸಂಯುಕ್ತಗಳಲ್ಲಿ ಎಷ್ಟೋ ಯೋರ್ಗೆನ್‌ಸನ್ ತಯಾರಿಸಿದವೇ. 1907ರಲ್ಲಿ ತನ್ನ ಸಿದ್ಧಾಂತ ಇರಲೇಬೇಕೆಂದು ಹೇಳಿದ್ದ ಒಂದು ನೇರಳೆ ಲವಣವನ್ನು ಮಾಡಿ ತೋರಿಸಿದಾಗ ಎದುರಾಳಿ ಸೋಲೊಪ್ಪಿಕೊಂಡ. ಸ್ವಂತ ಕೈಯಿಂದ ಮಾಡಿದ ಹರಳುಗಳೇ ಎದುರು ಸಾಕ್ಷಿ ಹೇಳಿದಾಗ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಆದರೂ ಕೊನೆಯ ಸಾಕ್ಷಿ ಬಾಕಿಯಿತ್ತು. ಲೋಹದ ಸುತ್ತ ಆರು ಗುಂಪುಗಳು ವೆರ್ನರ್ ಹೇಳಿದಂತೆಯೇ ಇದ್ದರೆ, ಕೆಲವು ಜೋಡಣೆಗಳಲ್ಲಿ ಎಡ-ಬಲ ಬರಲೇಬೇಕು. ಮೂರು ರೆಕ್ಕೆಯ ಫ್ಯಾನನ್ನು ನೆನೆಯಿರಿ. ಪ್ರತಿ ರೆಕ್ಕೆಯೂ ಸ್ವಲ್ಪ ಓರೆ. ಅದರ ಕನ್ನಡಿ ಬಿಂಬದಂಥ ಫ್ಯಾನು ಮಾಡಿ ಅದೇ ದಿಕ್ಕಿಗೆ ತಿರುಗಿಸಿದರೆ ಗಾಳಿ ಕೆಳಗೆ ಬೀಸುವ ಬದಲು ಸೂರಿಗೆ ಬೀಸುತ್ತದೆ. ಕೋಬಾಲ್ಟಿನ ಸುತ್ತ ಮೂರು ಎಥಿಲೀನ್ ಡೈಅಮೀನ್ ಕೂತರೆ ಅಂಥದೇ ಫ್ಯಾನು. 1897ರಿಂದಲೇ ವೆರ್ನರ್ ಎಡ-ಬಲ ಬೇರ್ಪಡಿಸಲು ಯತ್ನಿಸುತ್ತಿದ್ದ. 14 ವರ್ಷ ಅದು ಕೈಗೂಡಲಿಲ್ಲ. ಅಮೆರಿಕದಿಂದ ಬಂದ ವಿದ್ಯಾರ್ಥಿ ವಿಕ್ಟರ್ ಕಿಂಗ್‌ಗೆ ಆ ಕೆಲಸ ಒಪ್ಪಿಸಿದ. ಕಿಂಗ್ ಲೆಕ್ಕವಿಲ್ಲದಷ್ಟು ಸಲ ಹರಳು ಕಟ್ಟಿಸಿದ. ಜ್ಯೂರಿಕ್ಕಿನ ಬೀದಿಯಲ್ಲಿ ಎದುರಾದ ಸ್ನೇಹಿತರು ಯೋಗಕ್ಷೇಮ ಕೇಳುವ ಬದಲು ತಿರುಗಿತೇ ಎಂದು ಕೇಳುತ್ತಿದ್ದರೆಂದು ಅವನೇ ಆಮೇಲೆ ನೆನೆಸಿಕೊಂಡಿದ್ದಾನೆ. ಒಂದು ವಾರಕ್ಕೇ ಸೋತು ಕೂತಿದ್ದ ನನಗೆ ಇದನ್ನೋದಿ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

1911ರಲ್ಲಿ ಅದು ತಿರುಗಿತು. ಸಾಧಿಸಿದ ಉಪಾಯವೇನು? ಕರ್ಪೂರದಿಂದ ಮಾಡಿದ ಬ್ರೋಮೋಕ್ಯಾಂಫರ್ ಸಲ್ಫೋನಿಕ್ ಆಮ್ಲ. ಮರದಿಂದ ಬರುವ ಕರ್ಪೂರಕ್ಕೆ ಒಂದೇ ಕೈ, ಬಲದ್ದು. ಕೈಕುಲುಕುವುದನ್ನು ನೆನೆದರೆ ಸಾಕು. ಬಲಗೈಗೆ ಬಲಗೈ ಒಂದು ರೀತಿ ಹೊಂದುತ್ತದೆ, ಬಲಗೈಗೆ ಎಡಗೈ ಇನ್ನೊಂದು ರೀತಿ. ಹಾಗೆಯೇ ಬಲಗೈಯ ಆಮ್ಲದೊಂದಿಗೆ ಸೇರಿದ ಎಡ ಕೋಬಾಲ್ಟ್ ಮತ್ತು ಬಲ ಕೋಬಾಲ್ಟ್ ಬೇರೆ ಬೇರೆ ಲವಣಗಳಾಗುತ್ತವೆ, ಬೇರೆ ಬೇರೆ ಪ್ರಮಾಣದಲ್ಲಿ ಕರಗುತ್ತವೆ. ಕಡಿಮೆ ಕರಗುವುದು ಮೊದಲು ಹರಳಾಗುತ್ತದೆ. ನನ್ನ ಡಿಎಲ್ ಆಮ್ಲಕ್ಕೆ ಎರಡೂ ಕೈ ಇದ್ದುದರಿಂದ ಅದು ಯಾರನ್ನೂ ಗುರುತಿಸಲಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಪೂಜೆಯ ಕರ್ಪೂರ ಟರ್ಪೆಂಟೈನಿನಿಂದ ತಯಾರಾಗುವಂಥದ್ದು, ಸಾಮಾನ್ಯವಾಗಿ ಎಡ-ಬಲದ ಬೆರಕೆ. ಆರತಿಗೆ ಆದೀತು, ವೆರ್ನರನ ಕೆಲಸಕ್ಕೆ ಆಗದು.

1912ರಲ್ಲಿ ಮೂರು ರೆಕ್ಕೆಯ ಫ್ಯಾನನ್ನೂ ವೆರ್ನರ್ ಬೇರ್ಪಡಿಸಿದ, ಅದಕ್ಕೆ ಬಳಸಿದ್ದು ಟಾರ್ಟಾರಿಕ್ ಆಮ್ಲ. 1913ರಲ್ಲಿ ನೊಬೆಲ್ ಬಂತು. ಆದರೆ ತಕರಾರು ನಿಲ್ಲಲಿಲ್ಲ. ಎಥಿಲೀನ್ ಡೈಅಮೀನಿನಲ್ಲಿ ಇಂಗಾಲವಿದೆಯಲ್ಲ, ತಿರುಗಿಸಿದ್ದು ಅದೇ ಇರಬೇಕು ಎಂಬ ಮಾತು ಉಳಿದಿತ್ತು. ಆಗ ವೆರ್ನರ್ ಯೋರ್ಗೆನ್‌ಸನ್ 1898ರಲ್ಲಿ ತಯಾರಿಸಿದ್ದ ಹೆಕ್ಸಾಲ್ ಎಂಬ ಲವಣದತ್ತ ತಿರುಗಿದ. ನಡುವೆ ಒಂದು ಕೋಬಾಲ್ಟ್, ಸುತ್ತ ಮೂರು ಕೋಬಾಲ್ಟ್ ಗುಂಪುಗಳು, ಆ ಗುಂಪುಗಳೇ ರೆಕ್ಕೆ. ಈ ಅಯಾನಿನಲ್ಲಿ ಕೋಬಾಲ್ಟ್, ಸಾರಜನಕ, ಜಲಜನಕ, ಆಮ್ಲಜನಕ ಬಿಟ್ಟರೆ ಇನ್ನೇನಿಲ್ಲ, ಇಂಗಾಲದ ಒಂದು ಪರಮಾಣುವೂ ಇಲ್ಲ. 1914ರಲ್ಲಿ ಅದರ ಎಡ-ಬಲವನ್ನೂ ಬೇರ್ಪಡಿಸಿದ. ಎಡಬಲತನ ಯಾವ ಒಂದು ಧಾತುವಿನ ಸೊತ್ತೂ ಅಲ್ಲ, ಅದು ಜೋಡಣೆಯ ಗುಣ ಎಂದು ಖಚಿತವಾಯಿತು. ಐದು ವರ್ಷದ ನಂತರ, 52ರ ವಯಸ್ಸಿನಲ್ಲಿ, ವೆರ್ನರ್ ತೀರಿಕೊಂಡ.

ಆದರೆ ಗಮನಿಸಿ, ಇಂಗಾಲವಿಲ್ಲದ ಹೆಕ್ಸಾಲನ್ನು ಬೇರ್ಪಡಿಸಿದ್ದು ಮತ್ತೆ ಅದೇ ಕರ್ಪೂರದ ಆಮ್ಲ. ಇಂಗಾಲದ ಏಕಸ್ವಾಮ್ಯ ಮುರಿಯಲು ಮರದ ಇಂಗಾಲದ ಕೈಯೇ ಬೇಕಾಯಿತು. ಈ ಚರಿತ್ರೆಯಿಂದ ನಾನು ಕಲಿತದ್ದು ಇದನ್ನೇ. ಎಡ-ಬಲ ಎಲ್ಲಿ ಬೇಕಾದರೂ ಇರಬಹುದು, ಆದರೆ ಅದನ್ನು ಗುರುತಿಸಲು ಈಗಾಗಲೇ ಒಂದು ಕಡೆಯದಾದ ಇನ್ನೊಂದು ಕೈ ಬೇಕು.

ಇನ್ನು ಒಂದು ಅಣುವಿನಿಂದ ಅಣುಗಳ ಗುಂಪಿಗೆ ಬರೋಣ. ನಮ್ಮ ಪಕ್ಕದ ಶಿಡ್ಲಘಟ್ಟ ರೇಷ್ಮೆಯ ಊರು. ರೇಷ್ಮೆ ನೂಲಿಗೆ ಹುರಿ ಹಾಕುವವರನ್ನು ಕೇಳಿದರೆ ಎಸ್ ಹುರಿ, ಝಡ್ ಹುರಿ ಎಂದು ಎರಡು ಬಗೆ ಹೇಳುತ್ತಾರೆ. ನೂಲಿನ ಓರೆ ಯಾವ ಅಕ್ಷರದ ನಡುಗೆರೆಯಂತಿದೆಯೋ ಅದೇ ಹೆಸರು. ಕ್ರೇಪ್ ಬಟ್ಟೆ ನೇಯುವಾಗ ಬಿಗಿ ಹುರಿಯ ಈ ಎರಡೂ ನೂಲನ್ನು ಸರದಿಯ ಮೇಲೆ ಹೊಕ್ಕಿಗೆ ಹಾಕುತ್ತಾರೆ, ಅದರಿಂದಲೇ ಆ ಬಟ್ಟೆಗೆ ತರಿತರಿ ಮೈ. 1987ರಲ್ಲಿ ಫ್ರಾನ್ಸಿನ ಜ್ಯಾಂ-ಮರಿ ಲೆನ್ ಅಣುಗಳಿಗೇ ಹೀಗೆ ಹುರಿ ಹಾಕಿದರು. ಉದ್ದದ ಎರಡು ಅಣುಗಳು ತಾಮ್ರದ ಅಯಾನುಗಳನ್ನು ಕಂಡೊಡನೆ ತಾವಾಗಿಯೇ ಅವುಗಳ ಸುತ್ತ ಜೋಡಿ ಹುರಿಯಾದವು. ಅಣುಗಳು ಪರಸ್ಪರ ಮೆಲ್ಲಗೆ ಹಿಡಿದು ತಾವೇ ರಚನೆ ಕಟ್ಟುವ ಈ ವಿದ್ಯೆಗೆ ಸುಪ್ರಾಮಾಲಿಕ್ಯುಲರ್ ರಸಾಯನಶಾಸ್ತ್ರ ಎಂದು ಹೆಸರು. ಅದೇ ವರ್ಷ ಲೆನ್ ಇನ್ನಿಬ್ಬರೊಂದಿಗೆ ನೊಬೆಲ್ ಹಂಚಿಕೊಂಡರು. ಅಣುಗಳಿಗೆ ಸ್ವಂತ ಕೈ ಇಲ್ಲದಿದ್ದರೆ ಎಸ್ ಹುರಿ, ಝಡ್ ಹುರಿ ಸಮಸಮ ಹುಟ್ಟುತ್ತವೆ. ಒಂದೇ ಹುರಿ ಬೇಕಾದರೆ ಇಲ್ಲೂ ಕೈಯುಳ್ಳ ಒಬ್ಬ ಜೊತೆಗಾರ ಬೇಕು.

ಇದೆಲ್ಲ ದೂರದ ಮಾತೆಂದು ನನ್ನ ವಿದ್ಯಾರ್ಥಿಗಳು ಭಾವಿಸುತ್ತಾರೆ. ಆಗ ಸಿ.ಎನ್.ಆರ್. ರಾವ್ ಅವರ ಹೆಸರಿನ ಮೊದಲಕ್ಷರ ಬಿಡಿಸಿ ಎನ್ನುತ್ತೇನೆ. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಬೆಂಗಳೂರಿನಲ್ಲಿ ಹುಟ್ಟಿದರೂ ಹೆಸರಿನ ತುದಿಗೆ ನಮ್ಮೂರಿನ ಹೆಸರನ್ನೇ ಹೊತ್ತವರು. 1989ರಲ್ಲಿ ಅವರು ಕಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಬೆಂಗಳೂರಿನ ಜಕ್ಕೂರಿನಲ್ಲಿದೆ. ಅಲ್ಲಿ ಸುಬಿ ಜೇಕಬ್ ಜಾರ್ಜ್ ಅವರ ಗುಂಪು 2014ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳ ಜೊತೆ ಪ್ರಕಟಿಸಿದ ಕೆಲಸ ಈ ಕಥೆಯ ಮುಂದಿನ ಅಧ್ಯಾಯದಂತಿದೆ. ಅವರು ತೆಗೆದುಕೊಂಡದ್ದು ಸತುವಿನ ಸಂಕೀರ್ಣ ಸೇರಿಸಿದ ಒಂದು ಚಪ್ಪಟೆ ಅಣು. ಅದಕ್ಕೆ ತನ್ನದೇ ಎಡ-ಬಲವಿಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯನ್ನು ಅದಕ್ಕೆ ಕೊಟ್ಟರೆ ಸತು ಅದರ ಫಾಸ್ಫೇಟನ್ನು ಹಿಡಿಯುತ್ತದೆ, ಎಟಿಪಿಯ ಸಕ್ಕರೆಗಿರುವ ಕೈಯಿಂದ ಇಡೀ ಸಾಲು ಒಂದು ಕಡೆಗೆ ಹುರಿಗೊಳ್ಳುತ್ತದೆ. ಒಂದು ಫಾಸ್ಫೇಟ್ ಕಡಿಮೆಯಿರುವ ಎಡಿಪಿ ಕೊಟ್ಟರೆ ಹುರಿ ವಿರುದ್ಧ ದಿಕ್ಕಿಗೆ. ಹಾಗಾಗಿ ಕಿಣ್ವವೊಂದು ಎಟಿಪಿಯನ್ನು ಒಡೆಯುತ್ತಾ ಹೋದಂತೆ ಹುರಿಯೂ ಮಗುಚುತ್ತಾ ಹೋಗುತ್ತದೆ, ಕಿಣ್ವದ ಕೆಲಸವನ್ನು ನಡೆಯುತ್ತಿರುವಾಗಲೇ ಬೆಳಕಿನಲ್ಲಿ ನೋಡಬಹುದು. ವೆರ್ನರನ ಕೋಬಾಲ್ಟ್ ತನ್ನ ಕೈಯನ್ನು ಬಿಗಿಯಾಗಿ ಹಿಡಿದು ಕೂರುತ್ತದೆ. ಜಕ್ಕೂರಿನ ಸತು ಜೊತೆಗಾರ ಬದಲಾದಂತೆ ಕೈ ಬದಲಿಸುತ್ತದೆ.

ಕೆಲವು ವರ್ಷಗಳ ಹಿಂದೆ ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮನೆಯಲ್ಲಿ ಹುಣಸೆ ವ್ಯಾಪಾರ, ಎದ್ದು ನಿಂತು ಕೇಳಿದಳು: "ಸಾರ್, ಅಂಗಡಿ ಸೀಸೆ ಯಾಕೆ? ನಮ್ಮ ಮಂಡಿ ಹುಣಸೆಯಿಂದಲೇ ಮಾಡೋಕಾಗಲ್ವಾ?" ಇಷ್ಟು ವರ್ಷ ನನಗೇಕೆ ಹೊಳೆದಿರಲಿಲ್ಲ! ಮಾಡಿದೆವು. ಹುಣಸೆ ಕುದಿಸಿ ಸೋಸಿ, ಸುಣ್ಣ ಹಾಕಿ ಕ್ಯಾಲ್ಸಿಯಂ ಟಾರ್ಟ್ರೇಟ್ ಇಳಿಸಿ, ಅದರಿಂದ ಆಮ್ಲ ಬಿಡಿಸಿ ಹರಳು ಕಟ್ಟಿಸಲು ಹದಿನೈದು ದಿನ ಹಿಡಿಯಿತು. ಆಮ್ಲ ಕಂದು ಬಣ್ಣದ್ದು, ಅಷ್ಟು ಶುದ್ಧವೂ ಅಲ್ಲ. ಆದರೆ ಅದಕ್ಕೆ ಒಂದೇ ಕೈ ಇತ್ತು. ಕೋಬಾಲ್ಟಿನ ಜೊತೆ ಸೇರಿಸಿದೆವು, ಕಿತ್ತಳೆ ಹರಳು ಇಳಿಯಿತು. ಅದನ್ನು ಅಯೊಡೈಡ್ ಆಗಿ ಬದಲಿಸಿ, ಹುಣಸೆಯ ಆಮ್ಲ ಉಳಿಯದಂತೆ ತೊಳೆದೆವು, ತಿರುಗಿಸಿದ್ದು ಯಾರು ಎಂಬ ಹಳೆಯ ತಕರಾರು ಮತ್ತೆ ಏಳಬಾರದಲ್ಲ.

ಪೋಲಾರಿಮೀಟರಿಗೆ ಮೊದಲು ಕಣ್ಣಿಟ್ಟವಳು ಅವಳೇ. ನಾನು ಪಕ್ಕದಲ್ಲಿ ನಿಂತು, ಕಿಂಗ್‌ನ ಸ್ನೇಹಿತರಂತೆ, "ತಿರುಗಿತೇನಮ್ಮಾ?" ಎಂದೆ.

"ಬಲಕ್ಕೆ ಸಾರ್" ಎಂದಳು.