ಚಿತ್ರದಲ್ಲಿ ಕಾಣದವರು

ಹಳೆಯ ಛಾಯಾಚಿತ್ರವೆಂದರೆ ಸುಳ್ಳಾಡದ ಸಾಕ್ಷಿಯೆಂದು ನಾವು ನಂಬುತ್ತೇವೆ. ಆದರೆ ಎಂಥ ಸಾಕ್ಷಿಯನ್ನಾದರೂ ಪಾಟೀಸವಾಲಿಗೆ ಗುರಿಪಡಿಸದೆ ಬಿಡಲಾಗದು.

ಮುಂಬಯಿಯ ಕೊಲಾಬಾದಲ್ಲಿ ಸಮುದ್ರದ ಮಗ್ಗುಲಿಗೇ ಹತ್ತಿಯ ಬಯಲೊಂದಿತ್ತು. ಅದರ ಚಿತ್ರವನ್ನು ವಿಲಿಯಂ ಜಾನ್ಸನ್ ಎಂಬ ಛಾಯಾಗ್ರಾಹಕ 1855ರಿಂದ 1862ರ ನಡುವೆ ತೆಗೆದ. ಅಂಥ ಬಂದರದ ಚಿತ್ರಗಳ ಕಾಲವನ್ನು ಗುರುತಿಸುವುದಕ್ಕೆ ಕುರುಹುಗಳುಂಟು. ಹಡಗುಗಳು ದಡಕ್ಕೆ ತಾಗದೆ ದೂರದಲ್ಲಿ ಲಂಗರು ಹಾಕಿ ನಿಂತಿದ್ದರೆ ಚಿತ್ರ ಬಹುಶಃ 1875ಕ್ಕಿಂತ ಹಿಂದಿನದು. ಆ ವರ್ಷ ಸಾಸೂನ್ ಡಾಕ್, 1880ರಲ್ಲಿ ಪ್ರಿನ್ಸೆಸ್ ಡಾಕ್ ತೆರೆದವು. ಹಾಯಿಕಂಬಗಳಿಗಿಂತ ಹೊಗೆಕೊಳವೆಗಳೇ ಹೆಚ್ಚಾಗಿದ್ದರೆ ಅದು 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲಿನದಿರಬೇಕು.

ಆದರೆ ಅಷ್ಟು ಗದ್ದಲದ ಬಂದರದ ಚಿತ್ರಗಳು ಎಷ್ಟೋ ಸಲ ನಿರ್ಜನವಾಗಿ ತೋರುತ್ತವೆ. ಜನರೆಲ್ಲ ಎಲ್ಲಿ ಹೋದರು? ಉತ್ತರ ಯಂತ್ರದಲ್ಲಿಯೇ ಇದೆ. ಅಂದು ಮದ್ದು ಬಳಿದ ಹಸಿ ಗಾಜಿನ ಮೇಲೆ ಬಿಂಬ ಮೂಡಲು ಹಲವು ಕ್ಷಣಗಳೇ ಬೇಕಾಗುತ್ತಿದ್ದವು. ನಿಶ್ಚಲವಾಗಿ ನಿಂತವನು ಸ್ಪಷ್ಟವಾಗಿ ಮೂಡಿದ. ಹೊರೆ ಹೊತ್ತು ನಡೆದವನು ಮಸುಕಾದ, ಇಲ್ಲವೆ ಮಾಯವಾದ. 1838ರಲ್ಲಿ ಡಾಗೇರ್ ತೆಗೆದ ಪ್ಯಾರಿಸಿನ ಬೀದಿಯ ಚಿತ್ರದಲ್ಲಿಯೂ ಹೀಗೆಯೇ ಆಗಿದೆ. ಬಂಡಿಗಳೆಲ್ಲ ಅಳಿಸಿಹೋಗಿ, ಬೂಟು ಒರೆಸಿಕೊಳ್ಳುತ್ತ ನಿಂತ ಒಬ್ಬಾತ ಮಾತ್ರ ಉಳಿದಿದ್ದಾನೆ. ಒಡೆಯನಿಗೆ ನಿಲ್ಲಲು ಬಿಡುವಿತ್ತು, ಹಮಾಲನಿಗೆ ಇರಲಿಲ್ಲ ಎಂಬುದನ್ನು ಬೇರೆ ಹೇಳಬೇಕೆ?

ಇದರಲ್ಲಿ ನಮಗೇನು ಎಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಓದುಗರು ಕೇಳಬಹುದು. ನಮ್ಮದು ಸಮುದ್ರ ಕಾಣದ ನಾಡು, ನಿಜ. ಆದರೆ ರೈಲು ಬರುವ ಮುನ್ನ ಬೆಳಗಾವಿ ಸೀಮೆಯ ಬಾಗಿಲು ವೆಂಗುರ್ಲೆಯ ಬಂದರವಾಗಿತ್ತು. ಸರಕು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು, ಅಲ್ಲಿಂದ ದೋಣಿಗಳಲ್ಲಿ ಮುಂಬಯಿ ಸೇರುತ್ತಿತ್ತು. ಮಳೆಗಾಲದಲ್ಲಿ ಕಡಲು ಕೆರಳಿದರೆ ಅದೂ ಇಲ್ಲ. ಧಾರವಾಡದ ಹತ್ತಿ ಕುಮಟೆಯಿಂದ ಹಡಗೇರುತ್ತಿತ್ತು. ಅದಕ್ಕೆ ಲಿವರ್‌ಪೂಲಿನ ಪೇಟೆಯಲ್ಲಿ ದೊರೆತ ಹೆಸರು ‘ಕೂಂಪ್ಟಾ’! ಬೆಳೆದವನ ಊರು ಅಳಿದು, ಸಾಗಿಸಿದ ಬಂದರ ಉಳಿಯಿತು. ಇದೂ ಒಂದು ಬಗೆಯ ಛಾಯಾಚಿತ್ರವೇ ಸರಿ.

1861ರಿಂದ 1865ರವರೆಗೆ ಅಮೇರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂಬಯಿ ಹಣದಲ್ಲಿ ತೇಲಿತು. ಯುದ್ಧ ಮುಗಿದೊಡನೆ ಮುಳುಗಿತು. ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದರ ದಾನದಿಂದ ಎದ್ದು 1878ರಲ್ಲಿ ಮುಗಿದ ರಾಜಾಬಾಯಿ ಗೋಪುರ ಇಂದಿಗೂ ನಿಂತಿದೆ. ಎರೆಹೊಲದಲ್ಲಿ ಹತ್ತಿ ಬಿಡಿಸಿದ ಹೆಂಗಸರಿಗೆ, ಘಟ್ಟದಲ್ಲಿ ಎತ್ತು ಹೊಡೆದವರಿಗೆ ಗೋಪುರವೆಲ್ಲಿ?

ಮುಂದೆ 1887ರಲ್ಲಿ ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ನಡೆಯತೊಡಗಿತು. ಕಡಲಾಚೆಗೆ ಹೋಗಿ ನೂಲಾಗುತ್ತಿದ್ದ ಹತ್ತಿ ಮನೆಯಂಗಳದಲ್ಲಿಯೇ ನೂಲಾಯಿತು.

ಆದುದರಿಂದ ಇನ್ನು ಮುಂದೆ ಹಳೆಯ ಬಂದರದ ಚಿತ್ರವೊಂದು ಕೈಗೆ ಬಂದರೆ, ಹಡಗುಗಳನ್ನು ಎಣಿಸಿದ ಬಳಿಕ ದಡದ ಮೇಲಿನ ಆ ಮಂಜಿನಂಥ ಕಲೆಯನ್ನೂ ತುಸು ದಿಟ್ಟಿಸಿ ನೋಡಿರಿ. ಅದು ಗಾಜಿನ ದೋಷವಲ್ಲ, ಯಾರೋ ದುಡಿಯುತ್ತಿದ್ದಾರೆ.